ಅಲೆಸವಾರಿಗೆ ತಕ್ಕ ಸೈಡ್‌ಕಾರ್

ರಾಯಚೂರು ಜಿಲ್ಲೆಗೆ ಸಮುದ್ರ ತೀರ ಇಲ್ಲ. ಈ ಸಂಗತಿ ಜಿಲ್ಲೆಯ ಎಲ್ಲ ಭೂಪಟಗಳಲ್ಲಿಯೂ ಸ್ಪಷ್ಟವಾಗಿದ್ದು, ೧೯೮೩ರ ಜೂನ್ ತಿಂಗಳವರೆಗೆ ಇದರಿಂದ ಸರಕಾರಿ ಕೆಲಸಕ್ಕೆ ಯಾವುದೇ ಅಡಚಣೆ ಉಂಟಾಗಿರಲಿಲ್ಲ.

ಅಡಚಣೆಗೆ ಕಾರಣನಾದವನು ತಾಯಣ್ಣ. ಆತ ನಮೂನೆಗಳ ಜಿಲ್ಲಾ ಉಗ್ರಾಣದಲ್ಲಿ ಪ್ರಥಮ ದರ್ಜೆ ಗುಮಾಸ್ತ. ಉಳಿದ ಕಚೇರಿಗಳಿಗೆ ಬೇಕಾದ ಖಾಲಿ ಫಾರಂಗಳನ್ನು ಇಟ್ಟುಕೊಳ್ಳುವುದು, ಎಣಿಸುವುದು, ಮೂರು ಸಲ ಕೇಳಿದವರಿಗೆ ಕೊಡುವುದು ಆ ಉಗ್ರಾಣದ ಕೆಲಸ. ಬೆಂಗಳೂರಿನ ಕೇಂದ್ರ ಉಗ್ರಾಣದವರು ಆ ವರ್ಷ ನೌಕರರ ಹವ್ಯಾಸ ಏನೆಂದು ಕೇಳಿ ಒಂದು ಫಾರಂ ಕಳಿಸಿದರು. ರಾಜ್ಯದ ನೌಕರರೆಲ್ಲ ‘ಓದುವುದು’ ಎಂದು ಬರೆದರು. ತಾಯಣ್ಣನೂ ಹಾಗೇ ಬರೆಯುವವನಿದ್ದ. ಆದರೆ ಆ ದಿನ ಬೆಳಿಗ್ಗೆ ಆತ ಕ್ಷೌರಕ್ಕೆ ಹೋಗಿದ್ದ. ಅಂಗಡಿಯ ಕ್ಯಾಲೆಂಡರಿನಲ್ಲಿ ಒಬ್ಬ ಮನುಷ್ಯ ಮನೆಯೆತ್ತರದ ನೀಲಿ ಅಲೆಯ ಮೇಲೆ ಒಂದು ಹಲಗೆ ಹಾಕಿಕೊಂಡು, ಎರಡೂ ಕೈ ಚಾಚಿ ನಿಂತಿದ್ದ. ಅವನಿಗೆ ಮೇಲಧಿಕಾರಿ ಯಾರೂ ಇದ್ದಂತೆ ಕಾಣಲಿಲ್ಲ. ತಾಯಣ್ಣ ಕಚೇರಿಗೆ ಬಂದು ಹವ್ಯಾಸದ ಅಂಕಣದಲ್ಲಿ ‘ಸಮುದ್ರದ ಅಲೆಗಳ ಮೇಲೆ ಹಲಗೆ ಸವಾರಿ’ ಎಂದು ದುಂಡಗೆ ಬರೆದು ಸಹಿ ಮಾಡಿದ. ತುಂಬಿಸಿದ ಫಾರಂ ಅನ್ನು ಯಾರೂ ಓದುವುದಿಲ್ಲವೆಂಬುದು ಆತನ ಹತ್ತೊಂಬತ್ತು ವರ್ಷದ ಸೇವಾನುಭವವಾಗಿತ್ತು.

ಈ ಫಾರಂ ಅನ್ನು ಓದಿದರು.

ಆಗಸ್ಟಿನಲ್ಲಿ ಆದೇಶ ಬಂತು. ಡಿಸೆಂಬರ್ ಹದಿನೈದರಂದು ಕಾರವಾರದ ಕಡಲ ದಂಡೆಯಲ್ಲಿ ನೌಕರರ ಅಲೆಸವಾರಿ ಸ್ಪರ್ಧೆ ಏರ್ಪಡಿಸಲಾಗಿದೆ. ರಾಯಚೂರಿನಿಂದ ಶ್ರೀ ತಾಯಣ್ಣ ಭಾಗವಹಿಸತಕ್ಕದ್ದು. ಒಬ್ಬನೇ ಇದ್ದರೆ ಸ್ಪರ್ಧೆಯಾಗದ ಕಾರಣ ಉಳಿದ ಹದಿನೆಂಟು ಜಿಲ್ಲೆಗಳೂ ತಲಾ ಒಬ್ಬ ಅಲೆಸವಾರನನ್ನು ನೇಮಿಸತಕ್ಕದ್ದು. ಸ್ಪರ್ಧಿಗಳು ತಮ್ಮ ಹಲಗೆಯೊಂದಿಗೆ ರಸ್ತೆಯ ಮೂಲಕವೇ ಬರತಕ್ಕದ್ದು.

ತಾಯಣ್ಣನಿಗೆ ಈಜು ಬರುತ್ತಿರಲಿಲ್ಲ. ಹುಡುಗನಿದ್ದಾಗ ಮಲ್ಲಟದ ಬಾವಿಗೆ ಬಿದ್ದು, ಕೊಡದ ಹಗ್ಗ ಹಿಡಿದು ಮೇಲೆ ಬಂದವನು. ಅಂದಿನಿಂದ ತಲೆಗೆ ನೀರು ಹಾಕಿಕೊಳ್ಳುವಾಗಲೂ ಒಂದು ಕೈಯಲ್ಲಿ ಗೋಡೆ ಹಿಡಿಯುತ್ತಿದ್ದ. ಸುಳ್ಳು ಬರೆದೆನೆಂದು ಒಪ್ಪಿಕೊಳ್ಳೋಣವೆಂದರೆ, ಸುಳ್ಳು ಮಾಹಿತಿ ಕೊಟ್ಟವರ ಬಡ್ತಿ ತಡೆಯುವ ಫಾರಂ ಸಹ ಆತನ ಕಪಾಟಿನಲ್ಲಿಯೇ ಇತ್ತು. ಮೇಲಿಂದ ನಾಲ್ಕನೆಯ ಅರೆ. ಆತನೇ ಜೋಡಿಸಿಟ್ಟದ್ದು.

ಹಲಗೆ ಮಾತ್ರ ಬೇಗ ಸಿದ್ಧವಾಯಿತು. ಶಕ್ತಿನಗರಕ್ಕೆ ಯಂತ್ರ ತುಂಬಿಕೊಂಡು ಬಂದ ಪೆಟ್ಟಿಗೆಯ ಕಟ್ಟಿಗೆಯಲ್ಲಿ ಅಲ್ಲಿನ ಬಡಿಗ ಏಳು ಅಡಿಯ ಹಲಗೆ ಕೊಯ್ದು ಕೊಟ್ಟ. ಅದರ ಒಂದು ಮಗ್ಗಲಿಗೆ ಬಾಣದ ಗುರುತು ಹಾಕಿ ‘ಈ ಭಾಗ ಮೇಲೆ’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹೊಡೆದಿತ್ತು. ಇದನ್ನು ಬಳಕೆಯ ಸೂಚನೆಯೆಂದು ಪರಿಗಣಿಸಲಾಯಿತು.

ಕಷ್ಟ ಬಂದದ್ದು ಸಾಗಣೆಗೆ. ಹಲಗೆ ಕುಳಿತುಕೊಳ್ಳುವುದಾದರೆ ಮಾತ್ರ ಒಳಗೆ ಬಿಡುವುದಾಗಿ ಬಸ್ಸಿನ ಕಂಡಕ್ಟರ್ ಹೇಳಿದ. ಕಚೇರಿಯ ಜೀಪನ್ನು ಉಗ್ರಾಣಾಧಿಕಾರಿ ಸೂಗಪ್ಪನವರ ಮನೆಯ ಜೋಳ ಬೀಸಿಸುವ ಕೆಲಸಕ್ಕೆ ಕಾಯಂ ಆಗಿ ನಿಯೋಜಿಸಲಾಗಿತ್ತು. ಬರೀ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಸ್ಪರ್ಧಿ ಕುಳಿತರೆ ಹಲಗೆ ಉಳಿಯುತ್ತದೆ, ಹಲಗೆ ಕುಳಿತರೆ ಸ್ಪರ್ಧಿ ಉಳಿಯುತ್ತಾನೆ. ಆದ್ದರಿಂದ ಸೈಡ್‌ಕಾರ್ ಇರುವ ಮೋಟಾರ್ ಸೈಕಲ್ಲೇ ಆಗಬೇಕೆಂದು ತೀರ್ಮಾನಿಸಿ, ಸೈಡ್‌ಕಾರ್ ಆಯ್ಕೆ ಸಮಿತಿ ರಚಿಸಲಾಯಿತು. ಸೂಗಪ್ಪನವರು ಅಧ್ಯಕ್ಷರು, ತಾಯಣ್ಣ ಕಾರ್ಯದರ್ಶಿ.

ಆ ದಿನ ತಾಯಣ್ಣ ಮನೆಗೆ ಹಗುರಾಗಿ ನಡೆದ. ವಾಹನ ಆಯ್ಕೆಯಾಗದೆ ಪ್ರಯಾಣವಿಲ್ಲ, ಪ್ರಯಾಣವಿಲ್ಲದೆ ಸಮುದ್ರವಿಲ್ಲ, ಆಯ್ಕೆಯ ನಿಯಮ ಬರೆಯುವವನು ತಾನೇ. ಏನನ್ನಾದರೂ ಆಗದಂತೆ ನೋಡಿಕೊಳ್ಳುವುದರಲ್ಲಿ ತನಗೆ ಸಮನಾದವರು ಜಿಲ್ಲೆಯಲ್ಲಿ ಇಲ್ಲವೆಂದು ಆತನಿಗೆ ಗೊತ್ತಿತ್ತು. ಬೇರೆ ಯಾವ ವಿಷಯದಲ್ಲಿಯೂ ಆತನಿಗೆ ತನ್ನ ಬಗ್ಗೆ ಇಷ್ಟು ಭರವಸೆ ಇರಲಿಲ್ಲ.

ಗಾಡಿ ಬೇಕೆಂಬ ಸಮಿತಿಯ ಜಾಹೀರಾತಿಗೆ ಮೂವರು ಅರ್ಜಿ ಹಾಕಿದರು.

ಮೊದಲನೆಯದು ರಾಯಚೂರಿನ ಅಮೀರ್ ಸಾಬರದು. ಸೈಡ್‌ಕಾರಿನಲ್ಲಿ ಲೌಡ್‌ಸ್ಪೀಕರ್ ಕೂಡಿಸಿ ಊರೆಲ್ಲ ಸಿನಿಮಾ ಪ್ರಚಾರ ಮಾಡುವ ಗಾಡಿ. ‘ಅಲೆಸವಾರಿ ವಾಹನವು ಮೌನವಾಗಿರತಕ್ಕದ್ದು’ ಎಂದು ತಾಯಣ್ಣ ನಿಯಮ ಬರೆದ. ಅಮೀರ್ ಸಾಬ್ ಮರುದಿನವೇ ಲೌಡ್‌ಸ್ಪೀಕರ್ ಬಿಚ್ಚಿಟ್ಟು ಬಂದು ನಿಂತರು. ತಾಯಣ್ಣ ಸ್ವಲ್ಪ ಹೊತ್ತು ಯೋಚಿಸಿ, ‘ಅರ್ಜಿಯ ದಿನ ಇದ್ದ ಯಾವ ಭಾಗವನ್ನೂ ವಾಹನದಿಂದ ತೆಗೆಯಕೂಡದು’ ಎಂದು ಇನ್ನೊಂದು ನಿಯಮ ಬರೆದ. ಮೊದಲನೆಯ ನಿಯಮವನ್ನು ಪಾಲಿಸಿದ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಅಮೀರ್ ಸಾಬ್ ಇದರಲ್ಲಿ ತಪ್ಪೇನೂ ಕಾಣದೆ ನಮಸ್ಕಾರ ಮಾಡಿ ಹೋದರು.

ಎರಡನೆಯದು ದೇವದುರ್ಗದ ಕನಕಪ್ಪನದು. ಆತನ ಸೈಡ್‌ಕಾರಿನಲ್ಲಿ ಆರು ಕೋಳಿ ಸಂಸಾರ ಹೂಡಿದ್ದವು. ‘ಸೈಡ್‌ಕಾರಿನಲ್ಲಿ ಹಲಗೆಯ ಹೊರತು ಯಾವುದೇ ಜೀವಿ ಇರಕೂಡದು’ ಎಂದು ತಾಯಣ್ಣ ಬರೆದ. ಹಲಗೆ ಜೀವಿಯಲ್ಲವೆಂದು ಕೆಳಗೆ ಟಿಪ್ಪಣಿಯನ್ನೂ ಹಾಕಿದ. ಕನಕಪ್ಪ ಕೋಳಿಗಳನ್ನು ಜಾಲಹಳ್ಳಿಯ ಬೀಗರ ಮನೆಗೆ ಕಳಿಸಿದ. ತಪಾಸಣೆಯ ದಿನ ಹುಲ್ಲಿನಡಿ ಒಂದು ತತ್ತಿ ಸಿಕ್ಕಿತು. ತತ್ತಿ ಜೀವಿ ಹೌದೋ ಅಲ್ಲವೋ ಎಂದು ಪಶುವೈದ್ಯರಿಗೆ ಪತ್ರ ಬರೆಯಲಾಯಿತು. ಉತ್ತರ ಬರುವಷ್ಟರಲ್ಲಿ ಮರಿ ಹೊರಬಂದು ಪ್ರಶ್ನೆಯನ್ನು ತಾನೇ ಇತ್ಯರ್ಥ ಮಾಡಿತು.

ಮೂರನೆಯದು ಮಾನ್ವಿಯ ಬಳೆ ವ್ಯಾಪಾರಿ ಗುಲಾಮ್ ದಸ್ತಗೀರ್ ಅವರ ಗಾಡಿ. ಸಂತೆಯಿಂದ ಸಂತೆಗೆ ಹೋಗುವಾಗ ಅವರ ಹೆಂಡತಿ ಹಸೀನಾ ಬೇಗಂ ಬಳೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹನ್ನೊಂದು ವರ್ಷದಿಂದ ಅದೇ ಸೈಡ್‌ಕಾರಿನಲ್ಲಿ ಕುಳಿತಿದ್ದರು. ಗಾಡಿ ಕೊಡಲು ಅವರ ಅಭ್ಯಂತರವಿರಲಿಲ್ಲ, ಇಳಿಯಲು ಇತ್ತು. ಗಾಡಿ ಎಲ್ಲಿಗೆ ಹೋದರೂ ತಾನು ಅದರಲ್ಲಿ ಇರುವವಳೇ ಎಂದು ಗಂಡನ ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತಿದ್ದರು.

ಇದಕ್ಕಿಂತ ಸುಲಭದ ತಿರಸ್ಕಾರ ಇರಲಿಲ್ಲ. ಆದರೂ ಸ್ಥಳ ತಪಾಸಣೆ ಮಾಡದೆ ತಿರಸ್ಕರಿಸುವಂತಿಲ್ಲವೆಂಬ ನಿಯಮವನ್ನು ತಾಯಣ್ಣನೇ ಬರೆದಿದ್ದರಿಂದ, ಡಿಸೆಂಬರ್ ಎಂಟರಂದು ಹಲಗೆ ಹೊತ್ತು ಮಾನ್ವಿಗೆ ಹೋದ. ದಸ್ತಗೀರ್ ಗಾಡಿ ಹೊಡೆದರು, ತಾಯಣ್ಣ ಹಿಂದೆ ಕುಳಿತ, ಹಸೀನಾ ಬೇಗಂ ಹಲಗೆಯನ್ನು ಕೂಸಿನಂತೆ ತಬ್ಬಿಕೊಂಡು ಸೈಡ್‌ಕಾರಿನಲ್ಲಿ ಕುಳಿತರು. ನಾಲ್ಕು ಮೈಲಿ ಹೋಗಿ ಒಂದು ಬೇವಿನ ಮರದಡಿ ನಿಲ್ಲಿಸಿದಾಗ ಅವರು ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು.

“ಸಾಹೇಬ್ರ, ನಿಮಗ ಈಸಾಕ ಬರ್ತದೇನ್ರಿ?”

ನಾಲ್ಕು ತಿಂಗಳಲ್ಲಿ ಸಮಿತಿಯಾಗಲಿ ಮೇಲಿನ ಕಚೇರಿಯಾಗಲಿ ಈ ಪ್ರಶ್ನೆ ಕೇಳಿರಲಿಲ್ಲ. ತಾಯಣ್ಣನಿಗೆ ಸುಳ್ಳು ಹೇಳಲು ಸಮಯ ಸಾಲಲಿಲ್ಲ.

“ಬರಂಗಿಲ್ರಿ.”

“ಮತ್ತ ಯಾಕ ಹೊಂಟೀರಿ?”

“ಫಾರಂನಾಗ ಬರದೀನ್ರಿ.”

“ಫಾರಂನಾಗ ಬರದದ್ದು ನೀರಿಗಿ ಗೊತ್ತಿರಂಗಿಲ್ರಿ,” ಎಂದರು ಹಸೀನಾ ಬೇಗಂ. ಆಮೇಲೆ, ಕೇಳದಿದ್ದರೂ, ತಮ್ಮ ಮಾತು ಹೇಳಿದರು. ಅವರ ತಾಯಿ ಮುಂಬಯಿಯಿಂದ ಹಡಗು ಹತ್ತಿ ಹಜ್‌ಗೆ ಹೋಗಿ ಬಂದವರು. ಸಾಯುವತನಕ ಆ ನೀರಿನ ಮಾತೇ ಆಡುತ್ತಿದ್ದರಂತೆ. ತಾವು ಕೃಷ್ಣೆಯನ್ನು ನೋಡಿದ್ದಾಯಿತು, ತುಂಗಭದ್ರೆಯನ್ನು ನೋಡಿದ್ದಾಯಿತು, ಎರಡಕ್ಕೂ ಆಚೆ ಒಂದು ದಂಡೆ ಇದೆ. “ಆಚಿ ದಂಡಿ ಕಾಣದ ನೀರು ಒಮ್ಮಿ ನೋಡಬೇಕ್ರಿ. ಹನ್ನೊಂದು ವರ್ಷ ಈ ಡಬ್ಬ್ಯಾಗ ಕುಂತು ಬರೇ ಸಂತಿ ನೋಡೀನಿ.”

ದಸ್ತಗೀರ್ ಗಾಡಿಯ ಸರಪಳಿ ಒರೆಸತೊಡಗಿದರು. ತಾಯಣ್ಣ ಬೇವಿನ ಮರಕ್ಕೆ ಒರಗಿ ಕುಳಿತ. ನಾಲ್ಕು ತಿಂಗಳು ಹಗಲೂ ರಾತ್ರಿ ದುಡಿದು ಸಮುದ್ರವನ್ನು ದೂರ ಇಟ್ಟಿದ್ದವನಿಗೆ, ಆ ಮಾತು ಕೇಳಿದ ಮೇಲೆ, ತನಗೂ ಅದನ್ನು ನೋಡುವ ಆಸೆ ಇದೆಯೆಂದು ತಿಳಿಯಿತು. ಇದು ಬಹಳ ಅನನುಕೂಲವಾದ ಆಸೆಯಾಗಿತ್ತು.

ಮರುದಿನ ಸಮಿತಿಯ ಮುಂದೆ ಆತ ಜೀವಿಗಳ ನಿಯಮವನ್ನು ಸಡಿಲಿಸುವಂತೆ ಕೇಳಿಕೊಂಡ. ಸೂಗಪ್ಪನವರಿಗೆ ನೋವಾಯಿತು.

“ಏನ್ರಿ ತಾಯಣ್ಣ, ನನ್ನ ಸರ್ವಿಸಿನಾಗ ಇಂಥ ಚಂದದ ನಿಯಮ ನೋಡಿಲ್ಲ. ಕೋಳಿಗಿ ಒಂದು, ಮನಷ್ಯಾರಿಗಿ ಒಂದು ಮಾಡಾಕ ಬರ್ತದೇನು? ಕನಕಪ್ಪ ಕೋರ್ಟಿಗಿ ಹೋದ್ರ ಯಾರು ಉತ್ತರ ಕೊಡೋರು?”

ನಿಯಮಗಳನ್ನು ಎಲ್ಲಿಯೂ ಸಂದು ಇಲ್ಲದಂತೆ ಬರೆದವನು ತಾಯಣ್ಣನೇ. ಎರಡು ದಿನ ತನ್ನ ಕೈಬರಹವನ್ನೇ ತಿರುವಿ ಹಾಕುತ್ತ, ಇದನ್ನು ಬರೆದ ಗುಮಾಸ್ತನನ್ನು ಬೈಯುತ್ತ ಕುಳಿತ. ಮೂರನೆಯ ದಿನ ಹದಿನಾಲ್ಕನೆಯ ನಿಯಮದಲ್ಲಿ ಒಂದು ಸಂದು ಸಿಕ್ಕಿತು. ‘ಪರೀಕ್ಷಾ ಸವಾರಿಯನ್ನು ಕಾರ್ಯದರ್ಶಿಗೆ ತೃಪ್ತಿಯಾಗುವವರೆಗೆ ನಡೆಸತಕ್ಕದ್ದು.’ ಎಷ್ಟು ಮೈಲಿ ಎಂದು ಬರೆಯಲು ಮರೆತಿದ್ದ. ಜೀವಿಗಳ ನಿಯಮವು ಪ್ರಯಾಣಕ್ಕೆ ಅನ್ವಯಿಸುತ್ತಿತ್ತೇ ಹೊರತು ಪರೀಕ್ಷೆಗಲ್ಲ.

ಡಿಸೆಂಬರ್ ಹದಿಮೂರರ ಬೆಳಿಗ್ಗೆ ಮಾನ್ವಿಯಿಂದ ಪರೀಕ್ಷಾ ಸವಾರಿ ಮುಂದುವರಿಯಿತು. ಸಿಂಧನೂರಿನಲ್ಲಿ ಚಹಾ ಕುಡಿದು ತಾಯಣ್ಣ ನೋಟ್‌ಬುಕ್ಕಿನಲ್ಲಿ ‘ಇನ್ನೂ ತೃಪ್ತಿಯಾಗಿಲ್ಲ’ ಎಂದು ಬರೆದ. ಕೊಪ್ಪಳದಲ್ಲಿ ಹಾಗೇ ಬರೆದ. ಗದಗಿನಲ್ಲಿ ಪಂಕ್ಚರ್ ಆದಾಗ ನಿಜವಾಗಿಯೂ ತೃಪ್ತಿಯಾಗಿರಲಿಲ್ಲ. ಯಲ್ಲಾಪುರದ ಘಟ್ಟ ಇಳಿಯುವಾಗ ಕಣ್ಣು ಮುಚ್ಚಿದ್ದರಿಂದ ಏನೂ ಬರೆಯಲಾಗಲಿಲ್ಲ. ಹದಿನೈದರ ಮಧ್ಯಾಹ್ನ ಗಾಡಿ ಕಾರವಾರದ ಮರಳಿನಲ್ಲಿ ಹೂತು ನಿಂತಿತು.

ದಂಡೆಯ ಮೇಲೆ ಒಂದು ಶಾಮಿಯಾನ, ಅದರಡಿ ಒಬ್ಬ ಅಧಿಕಾರಿ, ಒಂದು ಹಿತ್ತಾಳೆಯ ಕಪ್ಪು, ಹತ್ತೊಂಬತ್ತು ಖಾಲಿ ಕುರ್ಚಿ. ಅಧಿಕಾರಿ ತಾಯಣ್ಣನನ್ನು ನೋಡಿ ರಾಯಚೂರಿನ ಸ್ಪರ್ಧಿ ನೀವೇನಾ ಎಂದು ಕೇಳಿದರು.

“ಅಲ್ಲ ಸರ್,” ಎಂದ ತಾಯಣ್ಣ. “ಸ್ಪರ್ಧಿ ಇನ್ನೂ ಹೊರಟಿಲ್ಲ. ಅವರ ವಾಹನದ ಆಯ್ಕೆ ಆಗಿಲ್ಲ. ನಾನು ವಾಹನ ಪರೀಕ್ಷೆಗೆ ಬಂದವನು.”

ಅಧಿಕಾರಿಗೆ ಅದು ಸರಿಯೆನಿಸಿತು. ಗೈರುಹಾಜರಿ ಎಂದು ಗುರುತು ಹಾಕಿದರು. ಉಳಿದ ಹದಿನೆಂಟು ಜಿಲ್ಲೆಯವರೂ ಬಂದಿರಲಿಲ್ಲ, ತಿಳಿಸಿಯೂ ಇರಲಿಲ್ಲ. ಕಪ್ಪನ್ನು ಯಾರಿಗೂ ಕೊಡದೆ ಮರಳಿ ಒಯ್ದರೆ ಕಾರಣ ಕೇಳುವ ನೋಟೀಸು ಬರುತ್ತದೆಂದು ಅವರು ಸ್ವಲ್ಪ ಹೊತ್ತು ಚಿಂತಿಸಿ, ಗೈರುಹಾಜರಿಯನ್ನು ಆಳು ಕಳಿಸಿ ತಿಳಿಸಿದ ಏಕೈಕ ಸ್ಪರ್ಧಿ ಎಂಬ ಕಾರಣ ನೀಡಿ ರಾಯಚೂರಿನ ಶ್ರೀ ತಾಯಣ್ಣ ಅವರಿಗೆ ಪ್ರಥಮ ಸ್ಥಾನ ಘೋಷಿಸಿದರು. ಕಪ್ಪನ್ನು ಅವರಿಗೆ ತಲುಪಿಸುವ ಹೊಣೆಯನ್ನು ತಾಯಣ್ಣನಿಗೇ ವಹಿಸಿ, ರಸೀದಿ ಪಡೆದು, ಶಾಮಿಯಾನ ಬಿಚ್ಚಿಸಿಕೊಂಡು ಹೋದರು.

ಆಮೇಲೆ ದಂಡೆಯಲ್ಲಿ ಸರಕಾರಿ ಕೆಲಸ ಏನೂ ಉಳಿಯಲಿಲ್ಲ. ಹಸೀನಾ ಬೇಗಂ ಚಪ್ಪಲಿ ಬಿಟ್ಟು ಪಾದ ಮುಳುಗುವಷ್ಟು ನೀರಿಗೆ ಹೋಗಿ ನಿಂತರು. ಆಚೆ ದಂಡೆ ಇರಲಿಲ್ಲ. ತಾಯಣ್ಣ ಪ್ಯಾಂಟು ಮಡಚಿ, ಹಲಗೆಯನ್ನು ನೀರಿಗಿಟ್ಟು, ಅದರ ಮೇಲೆ ಬೋರಲು ಮಲಗಿದ. ನಿಲ್ಲುವ ವಿಚಾರವೇ ಬರಲಿಲ್ಲ. ಒಂದು ಅಲೆ ಬಂತು. ಕಚೇರಿಯಲ್ಲಿ ಒಂದು ಮೊಹರು ಒತ್ತುವಷ್ಟು ಹೊತ್ತು ಆತ ಸಮುದ್ರದ ಮೇಲೆ ಸವಾರಿ ಮಾಡಿದ. ನಂತರ ಸಮುದ್ರ ಆತನ ಮೇಲೆ ಮಾಡಿತು. ದಸ್ತಗೀರ್ ಕಾಲರ್ ಹಿಡಿದು ಎಳೆದು ತಂದು ಮರಳಿನಲ್ಲಿ ಹಾಕಿದಾಗ ಮೂಗಿನಲ್ಲಿ, ಬಾಯಲ್ಲಿ ನೀರು ಸುರಿಯುತ್ತಿತ್ತು. ಆತ ನಗುತ್ತಿದ್ದ. ಏಕೆಂದು ಆತನಿಗೇ ತಿಳಿಯಲಿಲ್ಲ. ಹಸೀನಾ ಬೇಗಂ ಅವರೂ ನಕ್ಕರು, ಇನ್ನೊಮ್ಮೆ ಮಾಡಲು ಹೇಳಿದರು. ಇನ್ನೊಮ್ಮೆ ಮಾಡಿದ.

ರಾಯಚೂರಿಗೆ ಮರಳಿ ವರದಿ ಸಲ್ಲಿಸಿದ. ಪರೀಕ್ಷಾ ಸವಾರಿ ತೃಪ್ತಿಕರ. ವಾಹನವು ಕಾರವಾರ ತಲುಪಬಲ್ಲುದು. ಆದರೆ ಸೈಡ್‌ಕಾರಿನಲ್ಲಿ ಜೀವಿ ಇರುವುದರಿಂದ ಕಾರವಾರ ಪ್ರಯಾಣಕ್ಕೆ ಯೋಗ್ಯವಲ್ಲ. ಸಮಿತಿ ಇದನ್ನು ಒಪ್ಪಿತು. ಸ್ಪರ್ಧೆಗೆ ಹೋಗದೆ ಗೆದ್ದ ಶ್ರೀ ತಾಯಣ್ಣ ಅವರನ್ನು ವಾಹನ ಪರೀಕ್ಷಿಸಿದ ಶ್ರೀ ತಾಯಣ್ಣ ಅವರು ಕಪ್ಪು ಕೊಟ್ಟು ಸನ್ಮಾನಿಸಿದರು. ಸೂಗಪ್ಪನವರು ಭಾಷಣ ಮಾಡಿ, ಒಬ್ಬರ ತೃಪ್ತಿಯನ್ನೇ ನೆಚ್ಚಿ ಗಾಡಿ ತಿರಸ್ಕರಿಸುವುದು ನ್ಯಾಯವಲ್ಲ, ಅಧ್ಯಕ್ಷರೂ ಸ್ವತಃ ಪರೀಕ್ಷಿಸಬೇಕು ಎಂದರು. ಜನವರಿಯಲ್ಲಿ ಅವರು ಸಪತ್ನೀಕರಾಗಿ ಕಾರವಾರದವರೆಗೆ ಪರೀಕ್ಷಿಸಿದರು. ಫೆಬ್ರುವರಿಯಲ್ಲಿ ಬೆರಳಚ್ಚುಗಾರ್ತಿ ಗೋಪಮ್ಮ ತನ್ನ ತಂಗಿಯೊಡನೆ ಪರೀಕ್ಷಿಸಿದಳು. ಈಗ ಉಗ್ರಾಣದ ನೌಕರರೆಲ್ಲರೂ ಅಕಾರಾದಿಯಾಗಿ ಹೋಗಿಬರುತ್ತಿದ್ದಾರೆ. ಪ್ರತಿ ಸಲವೂ ಹಸೀನಾ ಬೇಗಂ ಸೈಡ್‌ಕಾರಿನಲ್ಲಿ ಇರುತ್ತಾರೆ. ವರದಿಗಳಲ್ಲಿ ಅವರನ್ನು ವಾಹನದ ಭಾಗಗಳ ಪಟ್ಟಿಯಲ್ಲಿ, ಹೆಚ್ಚುವರಿ ಗಾಲಿಯ ನಂತರ, ನಮೂದಿಸಲಾಗುತ್ತದೆ.

ಒಮ್ಮೆ ಪರೀಕ್ಷಿಸಿದವರು ಮತ್ತೆ ಪರೀಕ್ಷಿಸುವಂತಿಲ್ಲವಾದ್ದರಿಂದ ತಾಯಣ್ಣ ಕಚೇರಿಯಲ್ಲಿಯೇ ಕುಳಿತು ಉಳಿದವರು ಹೋಗುವ ಆದೇಶಕ್ಕೆ ಸಹಿ ಮಾಡುತ್ತಾನೆ. ಮೂರನೆಯ ಪರೀಕ್ಷೆಯಿಂದ ಮರಳುವಾಗ ಹಸೀನಾ ಬೇಗಂ ಆತನಿಗೆಂದು ಒಂದು ಔಷಧಿ ಶೀಸೆಯಲ್ಲಿ ನೀರು ತಂದುಕೊಟ್ಟರು. ಕಚೇರಿಯೊಳಗೆ ಬಂದ ವಸ್ತು ದಾಸ್ತಾನು ಪುಸ್ತಕಕ್ಕೆ ಏರಲೇಬೇಕಾದ್ದರಿಂದ, ‘ಸಮುದ್ರ, ಶೀಸೆ ಒಂದು’ ಎಂದು ಆತನೇ ದುಂಡಗೆ ಬರೆದು ಕಪಾಟಿನಲ್ಲಿಟ್ಟ. ಪ್ರತಿ ಮಾರ್ಚಿನಲ್ಲಿ ತಪಾಸಣೆಗೆ ಬರುವ ಅಧಿಕಾರಿ ಫಾರಂಗಳನ್ನೆಲ್ಲ ಎಣಿಸಿ ಮುಗಿಸಿ, ಶೀಸೆಯ ಬಿರಡೆ ತೆಗೆದು, ಕಿರುಬೆರಳು ಅದ್ದಿ ನಾಲಗೆಗೆ ತಾಕಿಸಿ, ‘ಸರಿ ಇದೆ’ ಎಂದು ಬರೆದು ಸಹಿ ಹಾಕುತ್ತಾರೆ.