ಮಗಳ ಪ್ರಾರ್ಥನೆ, ನನ್ನ ಜ್ವರ

ಪುಟ್ಟ ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು ಬಲು ಸುಲಭ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಕಣ್ಣು ಮುಚ್ಚಿಸಿ, ಕೈ ಜೋಡಿಸಿ, ಕೊನೆಗೆ ‘ಆಮೆನ್’ ಅನ್ನಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ದಾವಣಗೆರೆಯ ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುವವನು ನಾನೇ. ಉಳಿದ ದಿನಗಳಲ್ಲಿ ನೀರಿನ ಕಚೇರಿಯ ದೂರು ಕೌಂಟರಿನಲ್ಲಿ ಕೂರುತ್ತೇನೆ. ‘ನೀರು ಬಂದಿಲ್ರೀ’ ಎಂದಷ್ಟೇ ಬರೆದುಕೊಂಡು ಬಂದವರ ಅರ್ಜಿಯನ್ನು ಮುಟ್ಟುವುದೂ ಇಲ್ಲ. ಏನು, ಎಲ್ಲಿ, ಯಾವಾಗ, ಈ ಮೂರೂ ಬೇಕು. ನನ್ನ ದುರದೃಷ್ಟ, ಈ ಅಭ್ಯಾಸಕ್ಕೆ ಭಾನುವಾರವೂ ರಜೆಯಿಲ್ಲ.

ಹರಿಹರದ ನಮ್ಮ ಅತ್ತೆಯ ಮನೆಯಲ್ಲಿ ಮನೆ ಪ್ರಾರ್ಥನೆ ಇತ್ತು. ಅಯ್ಯನವರು, ಅಂದರೆ ಪಾಸ್ಟರು, ಬರುವವರಿದ್ದರು. ಆರು ವರ್ಷದ ನನ್ನ ಮಗಳು ಗ್ರೇಸಿಯೇ ಅಂದು ಪ್ರಾರ್ಥಿಸಬೇಕೆಂದು ಅತ್ತೆಯ ಆಸೆ. ‘ಬಾಯಿಪಾಠ ಬ್ಯಾಡ. ತನ್ನ ಮಾತಿನಾಗೇ ಮಾಡ್ಲಿ. ಮೇಷ್ಟ್ರ ಮಗಳಲ್ಲೇನು?’ ಎಂದರು. ಮದುವೆಯಾಗಿ ಎಂಟು ವರ್ಷದಲ್ಲಿ ಅವರು ನನ್ನನ್ನು ಮೇಷ್ಟ್ರು ಎಂದದ್ದು ಅದೇ ಮೊದಲು. ನನ್ನ ಮಾನವೆಲ್ಲ ಈಗ ಗ್ರೇಸಿಯ ಬಾಯಲ್ಲಿತ್ತು.

ನಮ್ಮ ಮನೆಯಲ್ಲಿ ಗ್ರೇಸಿಗೆ ಅಭ್ಯಾಸ ಶುರುವಾಯಿತು. ‘ದೇವರೇ, ನಮ್ಮ ತಪ್ಪೆಲ್ಲ ಕ್ಷಮಿಸು’ ಎಂದಳು. ನಾನು ತಡೆದೆ. ‘ಯಾವ ತಪ್ಪು? ಏನು, ಎಲ್ಲಿ, ಯಾವಾಗ, ಬಿಡಿಸಿ ಹೇಳ್ಬೇಕು.’

ಅಡುಗೆಮನೆಯಿಂದ ಹೆಂಡತಿ ಸುಗುಣ, ‘ದೇವ್ರೇನು ನಿಮ್ಮ ಕೌಂಟರಿನಾಗ ಕುಂತಾನೇನ್ರಿ?’ ಎಂದಳು. ದೇವರಿಗೆ ಎಲ್ಲವೂ ಗೊತ್ತು ಎಂದು ಹಿಂದಿನ ವಾರವಷ್ಟೇ ಪಾಠ ಮಾಡಿದ್ದ ನಾನು ಆ ಮಾತು ಕೇಳಿಸದವನಂತೆ ಕೂತೆ. ಗ್ರೇಸಿ ತುಂಬಾ ಹೊತ್ತು ಯೋಚಿಸಿ, ‘ನಾನೇನೂ ತಪ್ಪು ಮಾಡಿಲ್ಲಪ್ಪ’ ಎಂದಳು. ‘ಹಂಗಾರೆ ಮನೆಯವರಿಗೋಸ್ಕರ ಬೇಡ್ಕೊ’ ಎಂದೆ. ಪರರಿಗಾಗಿ ಬೇಡುವುದು ದೊಡ್ಡ ಗುಣವಲ್ಲವೇ? ಅದನ್ನು ನೆನೆದು ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಪ್ರಾರ್ಥನೆಯ ದಿನ ಅತ್ತೆಯ ಮನೆಯ ತುಂಬ ಜನ. ಒಳಗೆ ಮಿರ್ಚಿ ಕರಿಯುವ ವಾಸನೆ. ಪ್ರಾರ್ಥನೆಯ ಮಾತು ಮಾತಿಗೂ ಎಲ್ಲರೂ ಆಮೆನ್ ಅನ್ನುವುದು ನಮ್ಮಲ್ಲಿ ರೂಢಿ. ಗ್ರೇಸಿ ಕಣ್ಣು ಮುಚ್ಚಿ, ‘ದೇವರೇ, ನಮ್ಮಪ್ಪನ್ನ ಕ್ಷಮಿಸು’ ಎಂದಳು. ಎಲ್ಲರೂ ‘ಆಮೆನ್’ ಎಂದರು.

‘ಹೋದ ಭಾನುವಾರ ಅಜ್ಜಿ ಅಟ್ಟದ ಸಾಮಾನು ಇಳಿಸಾಕೆ ಕರೆದಿದ್ಲು. ಅಪ್ಪ ಜ್ವರ ಬಂದೈತೆ ಅಂದ್ರು. ಅಮ್ಮ ಒಬ್ಳೇ ಇಲ್ಲಿಗೆ ಬಂದ್ಲು.’

ಈ ಸಲ ಆಮೆನ್ ಸ್ವಲ್ಪ ತಡವಾಯಿತು.

‘ಜ್ವರ ಇರ್ಲಿಲ್ಲ. ಸಂಜೆ ಐದೂವರೆಗೆ ಬಸ್‌ಸ್ಟ್ಯಾಂಡ್ ಹತ್ರ ಮಿರ್ಚಿ ತಿಂದ್ವಿ. ಅಪ್ಪ ನಾಲ್ಕು ತಿಂದ್ರು. ನಂಗೂ ಒಂದು ಕೊಡಿಸಿದ್ರು, ಅದಕ್ಕೆ ನಿಂಗೆ ಸ್ತೋತ್ರ ದೇವರೇ.’

ಏನು, ಎಲ್ಲಿ, ಯಾವಾಗ, ಒಂದೂ ಬಿಟ್ಟಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವಳು ಸುಗುಣ. ನನಗೆ ವಿಪರೀತ ನಾಚಿಕೆಯಾಯಿತು. ಎಷ್ಟು ಚೆನ್ನಾಗಿ ಕಲಿತಿದ್ದಾಳಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಅಯ್ಯನವರು ಕೆಮ್ಮಿ, ‘ಭಾಳ ಸ್ಪಷ್ಟವಾದ ಪ್ರಾರ್ಥನೆ’ ಎಂದರು.

ಎಲ್ಲರ ಮುಂದೆ ಮಂಡಕ್ಕಿ, ಬಿಸಿ ಮಿರ್ಚಿ ಬಂದವು. ನನ್ನ ಮುಂದೆ ಮಾತ್ರ ಅತ್ತೆ ಒಂದು ಬಟ್ಟಲು ಗಂಜಿ ಇಟ್ಟರು. ‘ಜ್ವರದ ಮೈ. ಎಣ್ಣೇದು ಬ್ಯಾಡ ಮೇಷ್ಟ್ರೇ.’

ಅಯ್ಯನವರು, ‘ತಿನ್ನೋಕೆ ಮುಂಚೆ ನೀವೇ ಪ್ರಾರ್ಥನೆ ಮಾಡ್ರಿ’ ಎಂದರು. ನಾನು ಎದ್ದು ನಿಂತು, ಕಣ್ಣು ಮುಚ್ಚಿ, ‘ದೇವರೇ, ನಮ್ಮ ತಪ್ಪುಗಳನ್ನೆಲ್ಲ ಕ್ಷಮಿಸು’ ಎಂದು ಬೇಗ ಬೇಗ ಶುರುಮಾಡಿದೆ. ಯಾರೋ ಅಂಗಿಯ ಚುಂಗು ಎಳೆದರು.

‘ಅಪ್ಪಾ, ಯಾವ ತಪ್ಪು?’

ಬಿಡಿಸಿ ಹೇಳಿದೆ. ಮಿರ್ಚಿ ನಾಲ್ಕಲ್ಲ, ಆರು ಎಂದು ತಿದ್ದುಪಡಿಯನ್ನೂ ಸೇರಿಸಿದೆ. ಅತ್ತೆ ಮನಸಾರೆ ಆಮೆನ್ ಎಂದರು. ಗಂಜಿಯ ಬಟ್ಟಲನ್ನು ಮಾತ್ರ ತೆಗೆಯಲಿಲ್ಲ.