ಇನ್ನೊಂದೇ ರೊಟ್ಟಿ

ಅಂದಿನ ರಂಪಕ್ಕೆಲ್ಲ ಕಾರಣ ಒಂದು ಬದನೆಕಾಯಿ. "ಎಣ್ಣೆಗಾಯಿ ಆರಿದಂತೆ ಕಾಣುತ್ತದೆ, ಹಬೆ ಆಡಲಿ" ಎಂದು ಪ್ರಕಾಶಕ ಕಾಶಪ್ಪನವರ ಸಂದೇಶ ಬಂದದ್ದೇ ತಡ, ಸ್ವಪ್ನಿಲ್‌ನ ಪಿತ್ತ ನೆತ್ತಿಗೇರಿತು.

ಸ್ವಪ್ನಿಲ್ ವಿಡಿಯೋ ಗೇಮ್ ನಿರ್ದೇಶಕ. ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಹಿಂದೆ ಅವನ ಕಚೇರಿ. ಎರಡು ವರ್ಷ ನಿದ್ದೆಗೆಟ್ಟು ಕಟ್ಟಿದ ಆಟದ ಹೆಸರು 'ಸಾಕು'. ಖಾನಾವಳಿಯ ಅಜ್ಜಿ ರೊಟ್ಟಿಯ ಮೇಲೆ ರೊಟ್ಟಿ ನೀಡುತ್ತಾಳೆ. ಊಟಕ್ಕೆ ಕುಳಿತವನು ಅವಳ ಒತ್ತಾಯದಿಂದ ಹೇಗೋ ತಪ್ಪಿಸಿಕೊಂಡು, ಕೈತೊಳೆದು ಬಾಗಿಲು ದಾಟಿದರೆ ಗೆದ್ದ. ಉತ್ತರ ಕರ್ನಾಟಕದವರ ಮನೆಯಲ್ಲಿ ಒಮ್ಮೆ ಉಂಡವನಿಗೆ ಇದೆಂಥ ಸಾಹಸವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿಗೆ ಮಾದರಿ ಖಡಕಿಯಲ್ಲಿ ಖಾನಾವಳಿ ನಡೆಸುವ ಅವನ ಅವ್ವ ನಾಗವ್ವನೇ. ಅದನ್ನು ಅವಳಿಗೆ ಹೇಳುವ ಧೈರ್ಯ ಮಾತ್ರ ಅವನಿಗೆ ಬಂದಿರಲಿಲ್ಲ.

ಕಾಶಪ್ಪನವರು ಶಿರೂರಿನ ಈರುಳ್ಳಿ ವ್ಯಾಪಾರದಲ್ಲಿ ದೊಡ್ಡವರಾಗಿ ಖಡಕಿಯಲ್ಲೇ ಅಂಗಡಿ ಇಟ್ಟವರು. ಆಟಕ್ಕೆ ಬಂಡವಾಳ ಹಾಕಿದರು. ಕೊನೆಯ ಮಾತು ತಮ್ಮದೇ ಎಂದು ಒಪ್ಪಂದದಲ್ಲಿ ಬರೆಸಿಕೊಂಡರು. ಮೊದಮೊದಲು ತೆಪ್ಪಗಿದ್ದರು. ಆಮೇಲೆ ಅದೇನಾಯಿತೋ, ದಿನಾ ಮಧ್ಯಾಹ್ನ ಒಂದೊಂದು ಅಪ್ಪಣೆ. ಅಜ್ಜಿಯ ತಲೆಯ ಮೇಲೆ ಸೆರಗಿರಲಿ. ರೊಟ್ಟಿಗೆ ಎಳ್ಳು ಹಚ್ಚಿ. ದುಡ್ಡು ಹಾಕಿದವನ ಬುದ್ಧಿಯೇ ನಡೆಯಬೇಕೆಂಬುದು ಯಾವ ಊರಿನ ನ್ಯಾಯ?

"ಒಂದೊಂದ್ ಎಳ್ಳೂ ಬೇರೆ ಬೇರೆ ಡ್ರಾ ಮಾಡಿದೀನಿ. ಈಗ ಹಬೆ ಅಂತೆ! ಆ ಮನುಷ್ಯಂಗೆ ಬೇರೆ ಕೆಲ್ಸ ಇಲ್ವಾ?" ಎಂದು ಚಿತ್ರ ಬರೆಯುವ ಬೆಂಗಳೂರಿನ ಮಂಜರಿ ಪೆನ್ನು ಕುಕ್ಕಿದಳು.

ಅಷ್ಟರಲ್ಲಿ ಇನ್ನೊಂದು ಸಂದೇಶ. "ಕೊನೆ ಬದಲಿಸಿ. ಊಟ ಬಿಟ್ಟು ಎದ್ದವನು ಸೋಲಬೇಕು. ಹೊಟ್ಟೆ ತುಂಬ ಉಂಡವನೇ ಗೆಲ್ಲಬೇಕು."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಡೀ ಆಟದ ಜೀವವೇ ಆ ಕೊನೆಯಲ್ಲಿತ್ತು. ಸ್ವಪ್ನಿಲ್ ಊಟದ ಡಬ್ಬಿಯನ್ನೂ ತೆರೆಯದೆ ಎದ್ದ. ಕೆಳಗೆ ಬಂದು ಖಡಕಿಗೆ ರಿಕ್ಷಾ ಹಿಡಿದು, ದಾರಿಯುದ್ದಕ್ಕೂ ಫೋನಿನಲ್ಲಿ ಮಂಜರಿಯೊಡನೆ ಕಾಶಪ್ಪನವರನ್ನು ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೈದ. ಎಲ್ಲ ಕೇಳಿಸಿಕೊಂಡ ರಿಕ್ಷಾದವನು ಹಿಂತಿರುಗಿ ನೋಡಿ, "ಸಾಹೇಬ, ಜೇವಣಾವರೂನ ಉಠಾಯಚಂ ನಸ್ತಂ" ಎಂದ. ಊಟ ಬಿಟ್ಟು ಏಳಬಾರದಂತೆ! ಸ್ವಪ್ನಿಲ್ ಸಿಟ್ಟಿನಿಂದ ಅಲ್ಲೇ ಇಳಿದು, ಉಳಿದ ದಾರಿಯನ್ನು ಬಿಸಿಲಲ್ಲಿ ಕಾಲೆಳೆದುಕೊಂಡು ನಡೆದ. ಹೊಟ್ಟೆ ತಾಳ ಹಾಕುತ್ತಿತ್ತು.

ಕಾಶಪ್ಪನವರು ಆಗಷ್ಟೇ ಊಟ ಮುಗಿಸಿ ಬಂದು ಅಂಗಡಿಯ ಗಾದಿಯ ಮೇಲೆ ಒರಗಿದ್ದರು.

"ಈ ಆಟ ನಂದ್ರಿ! ಇನ್ನೊಂದು ಎಳ್ಳು ಹಾಕಂದ್ರೂ ಕೆಲಸ ಬಿಡಾಂವ ನಾ!" ಸ್ವಪ್ನಿಲ್‌ನ ಕೂಗಿಗೆ ಪಕ್ಕದ ಅಂಗಡಿಯವರೂ ಇಣುಕಿದರು.

ಜಗಳ ಕಾಯುವರೆಂದುಕೊಂಡರೆ, ಕಾಶಪ್ಪನವರು ಪೆಟ್ಟಿಗೆಯಿಂದ ಒಪ್ಪಂದ ತೆಗೆದು, ಕೊನೆಯ ಮಾತು ತಮ್ಮದೆಂಬ ಸಾಲಿಗೆ ಅಡ್ಡಗೀಟು ಎಳೆದು ಸಹಿ ಹಾಕಿದರು. "ಬರೋಬ್ಬರಿ ಅದ ತಮ್ಮಾ. ಕೊನೀ ಮಾತು ನಿಂದ. ನನಗೂ ಸಾಕಾಗೇದ. ಆದರ ಅಕಿಗೆ ನೀನ ಹೇಳು."

"ಯಾರಿಗ್ರಿ?"

"ನಿಮ್ಮವ್ವಗ! ದಿನಾ ಅಲ್ಲೇ ಉಣ್ತೀನಲ್ಲ, ಹೆಮ್ಮಿಲೆ ಒಂದಿನ ನಿನ್ನ ಆಟ ಮೊಬೈಲ್‌ನ್ಯಾಗ ತೋರಿಸಿದೆ. ಅವತ್ತಿಂದ ಅಕಿ ಹೇಳಿದ್ದು ನಿನಗ ಕಳಸೂತನಕ ನನ್ನ ತಾಟಿಗೆ ರೊಟ್ಟಿ ಬೀಳಂಗಿಲ್ಲ. ಸಕ್ಕರಿ ಬ್ಯಾನಿ ಮನಷ್ಯಾ ನಾ, ಹಸಕೊಂಡು ಕೂಡಾಕ ಆಗತದೇನು?"

ಸ್ವಪ್ನಿಲ್ ಒಪ್ಪಂದದ ಕಾಗದ ಹಿಡಿದು ಖಾನಾವಳಿಗೆ ನುಗ್ಗಿದ. ಒಳಗೆ ನಾಗವ್ವ ಟಪಟಪ ರೊಟ್ಟಿ ಬಡಿಯುತ್ತಿದ್ದಳು. ಸುಟ್ಟ ಜೋಳದ ವಾಸನೆ ಮೂಗಿಗೆ ಬಡಿದದ್ದೇ ಅವನ ಬಾಯಿಗೆ ಬಂದಿದ್ದ ಬೈಗುಳ ಗಂಟಲಲ್ಲೇ ಕರಗಿತು.

"ಯವ್ವಾ, ಮೊದಲ ಊಟಕ್ಕ ನೀಡು. ಆಮ್ಯಾಲೆ ಮಾತಾಡೂಣು."

ನಾಗವ್ವ ತಲೆ ಎತ್ತಲಿಲ್ಲ. ಸಿಟ್ಟಿನಲ್ಲಿ ಅವಳು ಮಗನಿಗೇನೂ ಕಡಿಮೆಯಿರಲಿಲ್ಲ. "ನನ್ನ ರೊಟ್ಟಿ ಬ್ಯಾಡಂದು ಓಡಿದಾಂವ ಗೆದ್ದಂಗ ಅಲ್ಲೇನು? ಮೂವತ್ತು ವರ್ಷ ನಾ ಒಬ್ಬರನ್ನೂ ಅರೆಹೊಟ್ಟಿಲೆ ಕಳಿಸಿಲ್ಲ. ನೀ ಊರ ಮುಂದ ನನ್ನ ಮಾನ ಕಳದಿ. ಗೆದ್ದಿಯಲ್ಲ, ಕೈ ತೊಳ್ಕೊ, ಬಾಗಲಾ ದಾಟು."

ಬಾಗಿಲು ತೆರೆದೇ ಇತ್ತು. ಎಣ್ಣೆಗಾಯಿಯೂ ಎದುರಿಗೇ ಇತ್ತು. ಸ್ವಪ್ನಿಲ್ ಕಾಗದವನ್ನು ಮಡಚಿ ಕಿಸೆಗೆ ತುರುಕಿ ಫೋನ್ ತೆಗೆದ.

"ಮಂಜರಿ, ಕೊನೆ ಬದಲಾಯಿಸು. ಉಂಡವನೇ ಗೆಲ್ಲಲಿ."

"ಏನು? ಯಾರು ಹೇಳಿದ್ದು?"

"ಪ್ರಕಾಶಕರು."

ತಾಟಿಗೆ ರೊಟ್ಟಿ ಬಿತ್ತು. ಅವನು ಕೈ ಹಾಕಿದ್ದೇ ನಾಗವ್ವ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎಣ್ಣಿಗಾಯಿ ಹಬಿ ಹೇಳಲಿಲ್ಲ?"