ಗಂಟಲು ಕೈಕೊಟ್ಟ ದಿನ

ಆವತ್ತು ಬೆಳಿಗ್ಗೆ ಹಾಲಿನವನಿಗೆ ಅರ್ಧ ಲೀಟರ್ ಸಾಕು ಎನ್ನಲು ಬಾಯಿ ತೆರೆದ ಪುಕ್ಕಲನಿಗೆ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಹೊರಡಲಿಲ್ಲ. ಕೆಮ್ಮಿ ಮತ್ತೊಮ್ಮೆ ಪ್ರಯತ್ನಿಸಿದ. ಪಂಕ್ಚರ್ ಆದ ಸೈಕಲ್ ಟ್ಯೂಬಿನಂಥ ಸದ್ದು ಬಂತು. ಹಾಲಿನವನು ತನಗೆ ತೋಚಿದಂತೆ ಒಂದು ಲೀಟರ್ ಕೊಟ್ಟು ಹೋದ.

ಪುಕ್ಕಲ ಎನ್ನುವುದು ಸ್ಪೀಚ್ ಥೆರಪಿ ಓದುವ ಸಹಪಾಠಿಗಳು ಇಟ್ಟ ಹೆಸರು. ಅವನಿಗೆ ನಾಯಿಯೆಂದರೆ ಭಯ, ಲಿಫ್ಟ್ ಎಂದರೆ ಭಯ, ಯಾರಿಗಾದರೂ ‘ಆಗಲ್ಲ’ ಎನ್ನುವುದೆಂದರೆ ಎಲ್ಲಕ್ಕಿಂತ ಭಯ. ಹಿಂದಿನ ಸಂಜೆ ಮನೆ ಓನರ್ ತಾಯಿ, ಕಿವಿ ಮಂದವಾದ ಅಜ್ಜಿ, “ನನ್ನ ಕಿವಿ ಮಿಷನ್ನು ಕೆಟ್ಟೋಗಿದೆ ಕಣಪ್ಪ, ಟೀವಿಲಿ ಏನಂತಾರೆ ಒಂಚೂರು ಹೇಳು” ಎಂದಾಗ ಕೂತವನು ಕೂತೇ ಬಿಟ್ಟ. ಒಂದರ ಹಿಂದೊಂದು ಬಂದ ಧಾರಾವಾಹಿಗಳಲ್ಲಿ ಅತ್ತೆ ಬೈದದ್ದು, ಸೊಸೆ ಅತ್ತದ್ದು, ಕಳ್ಳರು ಗುಟ್ಟಾಗಿ ಮಾತಾಡಿಕೊಂಡದ್ದು ಎಲ್ಲವನ್ನೂ ಇಡೀ ಬೀದಿಗೆ ಕೇಳುವಂತೆ ಕಿರುಚಿ ಹೇಳಿದ. ಗಂಟಲಿನ ಕತೆ ಅಲ್ಲಿಗೆ ಮುಗಿದಿತ್ತು.

ಬೇರೆ ದಿನವಾಗಿದ್ದರೆ ರಜೆ ಹಾಕಿ ಮಲಗಬಹುದಿತ್ತು. ಆದರೆ ಆವತ್ತು ಬೇಸಿಗೆಯ ಕ್ಲಿನಿಕ್ ತರಬೇತಿಯ ಕಡೇ ಪರೀಕ್ಷೆ, ಒಬ್ಬ ರೋಗಿಗೆ ಚಿಕಿತ್ಸೆ ಕೊಟ್ಟು ತೋರಿಸಬೇಕು. ಇಡೀ ಬೇಸಿಗೆ ತೊದಲುವವರು, ಮಾತು ಬಾರದ ಮಕ್ಕಳು, ನುಂಗಲಾಗದ ಮುದುಕರು ಎಂದು ಊಟ ನಿದ್ದೆ ಬಿಟ್ಟು ಓಡಾಡಿದ್ದಕ್ಕೆಲ್ಲ ಇವತ್ತೇ ತೀರ್ಪು. ಅದನ್ನು ಕೊಡುವವರು ಕ್ಲಿನಿಕ್ಕಿನ ಮುಖ್ಯಸ್ಥೆ, ಧ್ವನಿ ತಜ್ಞೆ ದೊಡ್ಡ ಮೇಡಂ. ಮೊದಲ ದಿನವೇ ಅವರು ಹೇಳಿಬಿಟ್ಟಿದ್ದರು: “ನಮ್ಮ ಕಸುಬಿಗೆ ಗಂಟಲೇ ಬಂಡವಾಳ. ತನ್ನ ಗಂಟಲು ಕಾಪಾಡಿಕೊಳ್ಳೋಕೆ ಬಾರದವರು ಇನ್ನೊಬ್ಬರ ಗಂಟಲಿಗೆ ಕೈ ಹಾಕಬಾರದು. ಕೂಗಾಡಿ ಧ್ವನಿ ಕಳ್ಕೊಂಡ್ರೋ, ಮುಂದಿನ ಬೇಸಿಗೆಗೆ ಮತ್ತೆ ಮೊದಲಿಂದ ಬನ್ನಿ.” ಇದು ಬರೀ ಬೆದರಿಕೆಯಲ್ಲ. ಹೋದ ವರ್ಷ ಮ್ಯಾಚ್ ನೋಡುತ್ತಾ ಕೂಗಿ ಗಂಟಲು ಕಟ್ಟಿಸಿಕೊಂಡ ಹುಡುಗಿ ಈ ವರ್ಷ ಇವನ ಜೊತೆಗೇ ಓದುತ್ತಿದ್ದಳು.

ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕೆಳಗಿನ ಮನೆಯ ಆಂಟಿ ಕುದಿಯುವ ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸುವಂತೆ ಮಾಡಿದರು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಒಂದು ಹಿಡಿ ಮೆಣಸುಕಾಳು ಬಾಯಿಗೆ ಸುರಿದು, ಜಗಿಯುವವರೆಗೆ ಕೈ ಬಿಡಲಿಲ್ಲ. ಇಸ್ತ್ರಿ ಅಂಗಡಿಯವನು ಯಾರದೋ ಉಣ್ಣೆ ಮಫ್ಲರ್ ತಂದು ಕುತ್ತಿಗೆಗೆ ಸುತ್ತಿ, “ಬಿಸಿಲಲ್ಲಿ ಮಫ್ಲರಾ ಅಂತ ನಾಚ್ಕೋಬೇಡಿ ಸಾರ್, ಸಂಜೆ ತಂದ್ಕೊಡಿ” ಎಂದ. ಗಂಟಲಿದ್ದಾಗಲೇ ಬೇಡ ಎನ್ನದವನು ಈಗ ಹೇಗೆ ಅಂದಾನು? ಸುಟ್ಟ ನಾಲಗೆ ಹೊತ್ತು, ಬೆವರು ಸುರಿಸುತ್ತಾ ಕ್ಲಿನಿಕ್ ಸೇರಿದ.

ಬಾಗಿಲಲ್ಲೇ ದೊಡ್ಡ ಪೋಸ್ಟರ್: ನಾಳೆ ಬೆಳಿಗ್ಗೆ ಸಭಾಂಗಣದಲ್ಲಿ ಶಾಲಾ ಶಿಕ್ಷಕರಿಗಾಗಿ ದೊಡ್ಡ ಮೇಡಂ ಉಪನ್ಯಾಸ, ‘ನಿಮ್ಮ ಧ್ವನಿಯನ್ನು ಕಾಪಾಡಿಕೊಳ್ಳಿ.’ ಅದನ್ನು ಓದಿ ಅವನು ಮಫ್ಲರನ್ನು ಇನ್ನಷ್ಟು ಬಿಗಿದುಕೊಂಡ. ಸಹಪಾಠಿ ಪಟಾಕಿ ಓಡಿಬಂದಳು. ವಟವಟ ಎನ್ನುವ ಬಾಯಿಂದಲೇ ಅವಳಿಗೆ ಆ ಹೆಸರು.

“ಮೇಡಂ ಇವತ್ತು ಯಾರಿಗೂ ಬೈದಿಲ್ಲ ಕಣೋ. ಬೆಳಿಗ್ಗೆಯಿಂದ ಒಂದು ಮಾತಿಲ್ಲ. ಎಲ್ರನ್ನೂ ಬರೀ ನೋಡ್ತಾರೆ. ಇಂಥ ಸಿಟ್ಟು ನಾನು ಕಂಡಿಲ್ಲಪ್ಪ, ಎಲ್ರೂ ನಡುಗ್ತಿದೀವಿ.”

ಪುಕ್ಕಲ ಗಂಟಲು ಮುಟ್ಟಿ ಕೈ ಆಡಿಸಿದ. ಅವಳ ಮುಖ ಇಳಿಯಿತು.

“ಅಯ್ಯೋ, ನೀನು ಕೆಟ್ಟೆ. ಪಿಸುಗುಟ್ಟಲೂ ಬೇಡ, ಇನ್ನೂ ಹಾಳಾಗುತ್ತೆ. ನೋಡು, ಮೇಡಮ್ಮೇ ಪಾಠ ಮಾಡಿದಾರಲ್ಲ, ರೋಗಿಗೆ ಸಮಯ ಕೊಡಿ, ಬಾಯಿ ಮುಚ್ಕೊಂಡು ಕಾಯಿರಿ ಅಂತ. ನೀನು ಕಾಯ್ತಾ ಕೂತ್ಕೋ. ಅದೇ ನಿನ್ನ ಚಿಕಿತ್ಸೆ ಅಂತ ಮೇಡಂ ಅನ್ಕೊಳ್ಳಲಿ.”

ಚಿಕಿತ್ಸೆಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಮಾತು ಬಾರದವರು ಬೆರಳಿಟ್ಟು ತೋರಿಸಲೆಂದು ಚಿತ್ರಗಳ ಒಂದು ಹಲಗೆ, ಗೋಡೆಗೊಂದು ದೊಡ್ಡ ಕನ್ನಡಿ. ಈ ಕಡೆಯಿಂದ ನೋಡಿದರೆ ಕನ್ನಡಿ, ಆ ಕಡೆಯಿಂದ ಗಾಜು. ಹಿಂದೆ ಕತ್ತಲಲ್ಲಿ ಮೇಡಂ ಕೂತಿರುತ್ತಾರೆ. ತಪ್ಪಾದರೆ ಮೇಲಿನ ಸ್ಪೀಕರಿನಿಂದ ಗದರುತ್ತಾರೆ. ಬೇಸಿಗೆ ಪೂರ್ತಿ ಬೈಸಿಕೊಂಡು ಅವನಿಗೆ ಆ ಸ್ಪೀಕರ್ ಕನಸಿನಲ್ಲೂ ಬರುತ್ತಿತ್ತು. ಇವತ್ತು ಕನ್ನಡಿಯ ಹಿಂದೆ ಕುರ್ಚಿ ಕಿರ್ ಎಂದಿತು. ಸ್ಪೀಕರ್ ಮಾತ್ರ ಉಸಿರೆತ್ತಲಿಲ್ಲ. ಬೈದರೂ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ರೋಗಿ ತಾತ ಹೆಂಡತಿಯ ತೋಳು ಹಿಡಿದು ಬಂದರು. ಪ್ರಾಯದಲ್ಲಿ ಬಸ್ ಕಂಡಕ್ಟರ್. ಒಂದೇ ಗದರಿಕೆಗೆ ಇಡೀ ಬಸ್ಸನ್ನು ಮುಂದೆ ಸರಿಸುತ್ತಿದ್ದವರು. ಪಾರ್ಶ್ವವಾಯು ಹೊಡೆದ ಮೇಲೆ ಒಂದಕ್ಷರ ಆಡಿರಲಿಲ್ಲ. ಅದಕ್ಕೆ ಕಾರಣ ಅರ್ಧ ಕಾಯಿಲೆ, ಇನ್ನರ್ಧ ಹೆಂಡತಿ. ಗಂಡನನ್ನು ಏನು ಕೇಳಿದರೂ ಉತ್ತರ ಆಕೆಯದು.

ಪುಕ್ಕಲ ತುಟಿ ಮೇಲೆ ಬೆರಳಿಟ್ಟು ಹಲಗೆ ತೋರಿಸಿದ.

“ಇವತ್ತು ನೀವು ಮಾತಾಡಲ್ವಾ ಡಾಕ್ಟ್ರೇ? ಹೊಸ ಪಾಠನಾ?” ಎಂದರು ಆಕೆ. ಅವನು ತಲೆಯಾಡಿಸಿದ. “ಹಾಗಾದ್ರೆ ನಿಮ್ಮ ಮಾತೂ ನಾನೇ ಆಡ್ತೀನಿ ಬಿಡಿ. ರೀ, ಡಾಕ್ಟ್ರು ಇದೇನು ಅಂತ ಕೇಳ್ತಿದಾರೆ. ನೀರು. ಇವರಿಗೆ ಗೊತ್ತು ಡಾಕ್ಟ್ರೇ. ಇದೇನು ಅಂತಾರೆ? ಕುರ್ಚಿ. ಇದೂ ಗೊತ್ತು. ಹೋದ ತಿಂಗಳು ಇಂಥದ್ದೇ ಕುರ್ಚಿಯಿಂದ ಬಿದ್ರಲ್ಲ, ಡಾಕ್ಟ್ರು ಅದನ್ನೇ ಕೇಳ್ತಿದಾರೆ ನೋಡಿ...”

ಬೇರೆ ದಿನವಾಗಿದ್ದರೆ ಪುಕ್ಕಲ ನಡುವೆ ತಾನೂ ನಾಲ್ಕು ಮಾತು ತೂರಿಸಿ ಗಲಿಬಿಲಿ ಹೆಚ್ಚಿಸುತ್ತಿದ್ದ. ಇವತ್ತು ಬೇರೆ ಕೆಲಸವಿಲ್ಲದೆ ತಾತನ ಮುಖವನ್ನೇ ನೋಡಿದ. ತುಟಿ ಅದುರುತ್ತಿತ್ತು. ಮಾತು ಒಳಗೆ ಸಿಕ್ಕಿಕೊಂಡು ಒದ್ದಾಡುವುದೆಂದರೇನು ಎಂದು ಇವತ್ತೇ ತಿಳಿದ ಅವನಿಗೆ ಅಯ್ಯೋ ಪಾಪ ಎನಿಸಿತು. ಕನ್ನಡಿಯನ್ನು ಮರೆತು, ಮುಂದೆ ಬಾಗಿ, ಕಾದ.

ತಾತ ಮೇಜು ಗುದ್ದಿದರು. “ಸಾ... ಸಾಕು. ಸುಮ್ನಿರೇ.”

ಆಕೆ ಬಾಯಿ ಮುಚ್ಚಿದರು, ಬಹುಶಃ ಮದುವೆಯಾದ ಮೇಲೆ ಮೊದಲ ಸಲ. ಆಮೇಲೆ ಗಂಡನ ಕೈ ಹಿಡಿದು ಗಳಗಳ ಅತ್ತರು. ಪುಕ್ಕಲನ ಕಣ್ಣೂ ತುಂಬಿತು. ಅಷ್ಟರಲ್ಲಿ ಬಾಗಿಲು ತೆರೆದು ದೊಡ್ಡ ಮೇಡಂ ಬಂದರು.

ಮೇಡಂ ತಾತನಿಗೆ ಕೈ ಮುಗಿದರು. ಪುಕ್ಕಲನ ಬೆನ್ನು ತಟ್ಟಿ ಹೆಬ್ಬೆರಳು ಎತ್ತಿ ತೋರಿಸಿದರು. ಪಾಸು! ಅವನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಮೇಡಂ ಬಾಯಿ ತೆರೆದರು. ಪಂಕ್ಚರ್ ಆದ ಸೈಕಲ್ ಟ್ಯೂಬಿನಂಥ ಸದ್ದು ಬಂತು.

ಅವರು ಬಾಗಿಲು ಭದ್ರವಾಗಿ ಹಾಕಿ, ಹಲಗೆ ಎಳೆದುಕೊಂಡು, ಬಾಯಿಯ ಚಿತ್ರದ ಮೇಲೆ ಬೆರಳಿಟ್ಟರು; ಆಮೇಲೆ ‘ಇಲ್ಲ’ ಎನ್ನುವ ಕೆಂಪು ಅಡ್ಡಗೀಟಿನ ಮೇಲೆ. ಬೇಸಿಗೆ ಪೂರ್ತಿ ವಿದ್ಯಾರ್ಥಿಗಳಿಗೆ ಬೈದು ಬೈದು ಧ್ವನಿ ತಜ್ಞರ ಧ್ವನಿಯೇ ಹೋಗಿತ್ತು. ಅವರ ಮುಖದಲ್ಲಿದ್ದ ಭಯ ಪುಕ್ಕಲನಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ನೋಡುತ್ತಿದ್ದಂತೆ ಮೇಡಂ ಹೊರಗಿನ ಪೋಸ್ಟರಿನ ಕಡೆ ಕೈ ತೋರಿಸಿ, ಅದೇ ಬೆರಳನ್ನು ಅವನ ಎದೆಗೆ ಗುರಿಯಿಟ್ಟರು.

“ನಾಳೆ ಭಾಷಣ ನೀವು ಮಾಡ್ಬೇಕಂತೆ ಡಾಕ್ಟ್ರೇ,” ಎಂದರು ತಾತನ ಹೆಂಡತಿ, ಕಣ್ಣೊರೆಸಿಕೊಂಡು.

ಅಷ್ಟು ಜನ ಶಿಕ್ಷಕರೆದುರು, ಗಂಟಲಿಲ್ಲದೆ! ಬೇಸಿಗೆಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಹುಟ್ಟಿದಾಗಿನಿಂದ ಮೊದಲ ಸಲ ಪುಕ್ಕಲ ಇಲ್ಲ ಎನ್ನಲು ಧೈರ್ಯ ಮಾಡಿದ. ಬೆರಳನ್ನು ಬಾಯಿಯ ಚಿತ್ರದ ಮೇಲಿಟ್ಟ. ಆಮೇಲೆ ಕೆಂಪು ಅಡ್ಡಗೀಟಿನ ಮೇಲೆ.

“ನೋಡಿ ಮೇಡಂ, ಎಂಥ ಒಳ್ಳೆ ಹುಡುಗ,” ಎಂದರು ಆಕೆ. “ನಿಮ್ಮ ವಿಷ್ಯ ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತಿದಾರೆ. ನಾಳೆ ಖಂಡಿತ ಬರ್ತಾರೆ, ನೀವು ನಿಶ್ಚಿಂತೆಯಾಗಿರಿ.”

ಮೇಡಂ ಒದ್ದೆಗಣ್ಣಿನಲ್ಲಿ ಅವನ ಕೈ ಕುಲುಕಿ ಹೊರಟುಹೋದರು. ಪುಕ್ಕಲ ತಾತನ ಹೆಂಡತಿಯನ್ನು ನೋಡಿದ. ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು.

“ಸುಮ್ನಿರೇ,” ಎಂದರು ತಾತ, ಅವನ ಪರವಾಗಿ.

“ಅಯ್ಯಯ್ಯೋ, ಮತ್ತೆ ಮಾತಾಡಿದ್ರು! ಎಲ್ಲಾ ನಿಮ್ಮಿಂದ ಡಾಕ್ಟ್ರೇ. ನಾಳೆ ನಾವೂ ಬಂದು ಮುಂದಿನ ಸಾಲಲ್ಲೇ ಕೂರ್ತೀವಿ,” ಎನ್ನುತ್ತಾ ಆಕೆ ಮೇಡಂಗೆ ಸುದ್ದಿ ಹೇಳಲು ಓಡಿದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ತಾತ ಅವನ ಮುಖವನ್ನೂ ಕುತ್ತಿಗೆಯ ಮಫ್ಲರನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಚಿತ್ರಗಳ ಹಲಗೆಯನ್ನು ಮೆಲ್ಲಗೆ ಅವನ ಕಡೆಗೆ ತಳ್ಳಿದರು.